ಅರ್ಧ ಟಿಕೆಟ್ ಯಾರಿಗೆ? ಎರಡು ಷರತ್ತಿನ ಅಸಮತೆಯನ್ನು ಬಿಡಿಸಿ ಗೆರೆ ಮೇಲೆ ತೋರಿಸುವ ಬಗೆ

ಮಂಡ್ಯದಿಂದ ಮೈಸೂರಿಗೆ ಪ್ಯಾಸೆಂಜರ್ ರೈಲಲ್ಲಿ ಮಕ್ಕಳನ್ನು ಕರೆದುಕೊಂಡು ಹೋಗುವವರಿಗೆಲ್ಲ ಈ ಲೆಕ್ಕ ಗೊತ್ತು. 5 ವರ್ಷ ತುಂಬದ ಮಗುವಿಗೆ ಟಿಕೆಟ್ ಬೇಡ. 5 ತುಂಬಿದ ಮೇಲೆ ಅರ್ಧ ಟಿಕೆಟ್. 12 ತುಂಬಿದ ದಿನದಿಂದ ಪೂರ್ತಿ. ಮಗುವಿನ ವಯಸ್ಸು ಯ ಅಂತ ಇಟ್ಟುಕೊಂಡರೆ ಅರ್ಧ ಟಿಕೆಟ್‌ನವರದು ಹೀಗೆ:

5 ≤ ಯ < 12

ಇಷ್ಟೇ. ಎರಡು ಷರತ್ತು ಸೇರಿದ ಅಸಮತೆ ಅಂದರೆ ಇದೇ. 5 ಒಳಗಿದೆ, 12 ಹೊರಗಿದೆ. ಕೌಂಟರ್ ಮುಂದೆ ನಿಂತಾಗ ಯಾರಿಗೂ ಇದರಲ್ಲಿ ಗೊಂದಲ ಆಗುವುದಿಲ್ಲ. ಅದೇ ಪರೀಕ್ಷೆ ಹಾಲಲ್ಲಿ ಕೂತಾಗ ಆಗುತ್ತದೆ.

ನಾನು ಅಶೋಕನಗರದ ನಮ್ಮ ಮನೆ ಮಹಡಿ ಮೇಲೆ ಸಂಜೆ ಹೊತ್ತು ಗಣಿತದ ಟ್ಯೂಷನ್ ಮಾಡುತ್ತೇನೆ. ಬರುವವರಲ್ಲಿ ಫಸ್ಟ್ ಪಿಯು ಮಕ್ಕಳೇ ಜಾಸ್ತಿ. ಸುತ್ತಮುತ್ತಲ ಹಳ್ಳಿಗಳಿಂದ ಬಸ್ಸಲ್ಲಿ ಬರುವವರೂ ಇದ್ದಾರೆ. ಈ ಮಕ್ಕಳಿಗೆ ಒಂಟಿ ಅಸಮತೆ ಬಿಡಿಸುವುದು ಚೆನ್ನಾಗಿ ಬರುತ್ತದೆ. 2ಯ + 3 < 11 ಅಂತ ಕೊಟ್ಟರೆ ಯ < 4 ಅಂತ ತಟ್ಟನೆ ಹೇಳುತ್ತಾರೆ. ಎರಡನ್ನು ಒಟ್ಟಿಗೆ ಕೊಟ್ಟಾಗಲೇ ತೊಂದರೆ. ಬಿಡಿಸುವುದು ಬರುತ್ತದೆ, ಜೋಡಿಸುವುದು ಬರುವುದಿಲ್ಲ. ಜೋಡಿಸುವುದಕ್ಕೆ ಸಂಖ್ಯೆಗಳನ್ನು ಸಾಲಾಗಿ ಗುರುತಿಸಿದ ಗೆರೆ, ಅಂದರೆ ಸಂಖ್ಯಾ ರೇಖೆ, ಎಳೆಯಬೇಕು. ಗೆರೆ ಎಳೆಯುವುದು ಉತ್ತರ ಬಂದ ಮೇಲೆ ಮಾಡುವ ಅಲಂಕಾರ ಅಂತ ಮಕ್ಕಳು ತಿಳಿದಿರುತ್ತಾರೆ. ಅಲ್ಲ. ಉತ್ತರ ಸಿಗುವುದೇ ಆ ಗೆರೆಯ ಮೇಲೆ.

ಪುಸ್ತಕದಲ್ಲಿ ಎಕ್ಸ್ ಅಂತ ಇರುವ ಕಡೆ ನಾನು ಇಲ್ಲಿ ಯ ಅಂತ ಬರೆದಿದ್ದೇನೆ. ನಿಮ್ಮ ನೋಟ್‌ಬುಕ್ಕಲ್ಲಿ ನಿಮಗೆ ಅಭ್ಯಾಸ ಇರುವುದನ್ನೇ ಬರೆಯಿರಿ.

ಮೊದಲು ಚುಕ್ಕಿ ವಿಷಯ ಮುಗಿಸಿಬಿಡೋಣ. ≤ ಅಥವಾ ≥ ಇದ್ದರೆ ಆ ಸಂಖ್ಯೆಯೂ ಉತ್ತರದಲ್ಲಿ ಸೇರುತ್ತದೆ. ಅಲ್ಲಿ ತುಂಬಿದ ಚುಕ್ಕಿ ಇಡಿ. ಬರೀ < ಅಥವಾ > ಇದ್ದರೆ ಸೇರುವುದಿಲ್ಲ. ಅಲ್ಲಿ ಖಾಲಿ ಚುಕ್ಕಿ. ಅರ್ಧ ಟಿಕೆಟ್‌ನ ಚಿತ್ರ ಹೀಗಿರುತ್ತದೆ:

5 ●━━━━━━━○ 12

ಕನ್ನಂಬಾಡಿ ಕಟ್ಟೆಯನ್ನೇ ತೆಗೆದುಕೊಳ್ಳಿ. ಗರಿಷ್ಠ ಮಟ್ಟ 124.80 ಅಡಿ. ನಮ್ಮೂರಲ್ಲಿ ಮಳೆಗಾಲದಲ್ಲಿ ಬೆಳಗಾದರೆ ಜನ ಮೊದಲು ನೋಡುವ ಸಂಖ್ಯೆ ಅದು. 'ಕಟ್ಟೆಯಲ್ಲಿ ನೀರು 100 ಅಡಿ ದಾಟಿದೆ, ಗರಿಷ್ಠ ಮಟ್ಟ ಮೀರಿಲ್ಲ' ಅಂದರೆ 100 < ಯ ≤ 124.80. 'ದಾಟಿದೆ' ಅಂದದ್ದಕ್ಕೆ 100ರಲ್ಲಿ ಖಾಲಿ ಚುಕ್ಕಿ. ತುಂಬುವುದಕ್ಕೆ ಅಡ್ಡಿ ಇಲ್ಲ, ತುಂಬಿದರೆ ಬಾಗಿನ ಬಿಡುತ್ತಾರೆ. ಹಾಗಾಗಿ 124.80ರಲ್ಲಿ ತುಂಬಿದ ಚುಕ್ಕಿ. ಮಾತಲ್ಲಿ ಕೊಟ್ಟ ಲೆಕ್ಕದಲ್ಲಿ 'ದಾಟಿದೆ', 'ಮೀರಿಲ್ಲ', 'ಕನಿಷ್ಠ', 'ಒಳಗೆ' ಇಂಥ ಪದಗಳ ಕೆಳಗೆ ಪೆನ್ಸಿಲ್‌ನಲ್ಲಿ ಗೀಟು ಹಾಕಿ. ಚುಕ್ಕಿ ತುಂಬಬೇಕೋ ಬೇಡವೋ ಅಂತ ಹೇಳುವುದು ಅವೇ.

ಈಗ ಮುಖ್ಯ ಕೆಲಸ. ಚೌಕ ಗೆರೆಯ ನೋಟ್‌ಬುಕ್, ಸ್ಕೇಲು, ಪೆನ್ಸಿಲ್ ತೆಗೆದುಕೊಳ್ಳಿ. ಒಂದರ ಕೆಳಗೆ ಒಂದರಂತೆ ಮೂರು ಸಂಖ್ಯಾ ರೇಖೆ ಎಳೆಯಿರಿ. ಮೂರರಲ್ಲೂ ಸೊನ್ನೆ ಒಂದೇ ನೇರಕ್ಕೆ ಬರಬೇಕು. ಚೌಕದ ನೋಟ್‌ಬುಕ್ ಬೇಕು ಅನ್ನುವುದು ಇದಕ್ಕೇ. ಮೊದಲ ಗೆರೆ ಮೊದಲ ಷರತ್ತಿಗೆ. ಎರಡನೆಯದು ಎರಡನೇ ಷರತ್ತಿಗೆ. ಮೂರನೆಯದು ಉತ್ತರಕ್ಕೆ. ಮೊದಲೆರಡು ಗೆರೆಯಲ್ಲಿ ಆಯಾ ಷರತ್ತಿಗೆ ಸರಿಹೊಂದುವ ಭಾಗಕ್ಕೆ ಬಣ್ಣ ಹಾಕಿ.

ಷರತ್ತುಗಳ ನಡುವೆ 'ಮತ್ತು' ಇದ್ದರೆ, ಮೇಲಿನ ಎರಡೂ ಗೆರೆಯಲ್ಲಿ ಎಲ್ಲಿ ಬಣ್ಣ ಬಿದ್ದಿದೆಯೋ ಅಷ್ಟನ್ನು ಮಾತ್ರ ಮೂರನೆಯದಕ್ಕೆ ಇಳಿಸಿ. 'ಅಥವಾ' ಇದ್ದರೆ, ಯಾವುದಾದರೂ ಒಂದು ಗೆರೆಯಲ್ಲಿ ಬಣ್ಣ ಇದ್ದರೂ ಸಾಕು, ಇಳಿಸಿ. ಎರಡರಲ್ಲೂ ಇದ್ದರೂ ಇಳಿಸಿ. ಇಲ್ಲಿ ಒಂದು ಎಚ್ಚರ. 'ಕಾಫಿನಾ, ಟೀನಾ' ಅಂತ ಕೇಳಿದರೆ ಯಾರೂ ಎರಡೂ ಕೊಡಿ ಅನ್ನುವುದಿಲ್ಲ. ಗಣಿತದ 'ಅಥವಾ' ಹಾಗಲ್ಲ. ಎರಡೂ ನಿಜವಾದರೂ ಅದಕ್ಕೆ ಒಪ್ಪಿಗೆಯೇ.

ಮೊದಲು 'ಮತ್ತು'.

ಆಲೆಮನೆಯಿಂದ ಅಚ್ಚು ಬೆಲ್ಲ ತರಬೇಕು. ಆಟೋಗೆ ಹೋಗಿ ಬರುವುದಕ್ಕೆ 80 ರೂಪಾಯಿ, ಬೆಲ್ಲ ಕೆ.ಜಿ.ಗೆ 50 ರೂಪಾಯಿ ಅಂತ ಇಟ್ಟುಕೊಳ್ಳಿ. ಲೆಕ್ಕಕ್ಕೆ ಅಷ್ಟೇ, ಈ ರೇಟಿಗೆ ಎಲ್ಲಿ ಸಿಗುತ್ತದೆ ಅಂತ ನನ್ನನ್ನು ಕೇಳಬೇಡಿ. ಕೈಯಲ್ಲಿ 580 ರೂಪಾಯಿ ಇದೆ. ಒಟ್ಟು 230 ರೂಪಾಯಿಯ ಕೆಲಸವಾದರೂ ಆಗದಿದ್ದರೆ ಅಷ್ಟಕ್ಕೆ ಆಟೋ ಯಾಕೆ ಅಂತ ಮನೆಯಲ್ಲಿ ಅಂದಿದ್ದಾರೆ. ಎಷ್ಟು ಕೆ.ಜಿ. ತರಬಹುದು?

230 ≤ 80 + 50ಯ ≤ 580

ಇದನ್ನು ಮೂರು ಮನೆಯ ಅಸಮತೆ ಅಂತ ನಮ್ಮ ಮಹಡಿ ಮೇಲೆ ಕರೆಯುತ್ತೇವೆ. ಎಡ, ನಡು, ಬಲ. ನಡುಮನೆಯಲ್ಲಿ ಯ ಒಂದೇ ಉಳಿಯಬೇಕು. ಅದಕ್ಕೆ ಏನು ಮಾಡಿದರೂ ಮೂರು ಮನೆಗೂ ಮಾಡಬೇಕು. ಮೊದಲು ಮೂರರಿಂದಲೂ 80 ಕಳೆಯಿರಿ:

150 ≤ 50ಯ ≤ 500

ಮೂರನ್ನೂ 50ರಿಂದ ಭಾಗಿಸಿ:

3 ≤ ಯ ≤ 10

ಎರಡು ಮನೆಗೆ ಮಾಡಿ ಮೂರನೆಯದನ್ನು ಮರೆಯುವುದು ಮಾಮೂಲು. ಬಲಗಡೆಯದೇ ಮರೆತುಹೋಗುತ್ತದೆ, ಯಾಕೋ. ಪ್ರತಿ ಸಾಲು ಬರೆದ ಮೇಲೆ ಮೂರು ಮನೆಯ ಮೇಲೂ ಬೆರಳಿಟ್ಟು ನೋಡಿ.

ಗೆರೆ ಮೇಲೆ 3ರಿಂದ 10ರವರೆಗೆ ಬಣ್ಣ, ಎರಡೂ ತುದಿಗೆ ತುಂಬಿದ ಚುಕ್ಕಿ. ಇಲ್ಲಿ ಇನ್ನೊಂದು ಮಾತು. ತೂಕ ಹಾಕಿ ಕೊಡುವುದಾದರೆ ನಾಲ್ಕೂವರೆ ಕೆ.ಜಿ.ಯೂ ತರಬಹುದು, ಗೆರೆ ಪೂರ್ತಿ ಬಣ್ಣ. ಒಂದೊಂದು ಕೆ.ಜಿ.ಯ ಪ್ಯಾಕೆಟ್ ಮಾತ್ರ ಕೊಡುತ್ತಾರೆ ಅಂದರೆ 3, 4, 5 ಹೀಗೆ 10ರವರೆಗೆ ಬಿಡಿ ಬಿಡಿ ಚುಕ್ಕಿ, ನಡುವೆ ಬಣ್ಣ ಇಲ್ಲ. ಪ್ರಶ್ನೆಯಲ್ಲಿ 'ಪೂರ್ಣಾಂಕ' ಅಂತ ಇದೆಯೋ 'ವಾಸ್ತವ ಸಂಖ್ಯೆ' ಅಂತ ಇದೆಯೋ ನೋಡಿಕೊಳ್ಳಿ. ಪಿಯು ಪುಸ್ತಕದಲ್ಲಿ ಈ ಎರಡೂ ಬಗೆಯ ಲೆಕ್ಕ ಇವೆ. ಒಂದೇ ಅಸಮತೆ, ಎರಡು ಬೇರೆ ಚಿತ್ರ.

ಇನ್ನು ಮೈನಸ್. ಹೆಚ್ಚಿನ ಮಕ್ಕಳು ಎಡವುವುದು ಇಲ್ಲಿಯೇ. ಅದಕ್ಕೆ ಸ್ವಲ್ಪ ನಿಧಾನವಾಗಿ ಹೋಗೋಣ.

ಎರಡೂ ಕಡೆ ಋಣ ಸಂಖ್ಯೆಯಿಂದ ಗುಣಿಸಿದರೆ ಅಥವಾ ಭಾಗಿಸಿದರೆ ಚಿಹ್ನೆ ತಿರುಗುತ್ತದೆ ಅಂತ ಎಲ್ಲರೂ ಬಾಯಿಪಾಠ ಮಾಡಿರುತ್ತಾರೆ. 'ಯಾಕ್ ಮೇಡಂ ತಿರುಗ್ಬೇಕು? ಸುಮ್ನೆ ಬುಟ್ರೆ ಏನಾಯ್ತದೆ?' ಅಂತ ಒಬ್ಬ ಹುಡುಗ ಕೇಳಿದ. ಒಳ್ಳೆ ಪ್ರಶ್ನೆ. 2 < 5 ಅನ್ನುವುದು ನಿಜ ತಾನೇ? ಈಗ ಎರಡಕ್ಕೂ ಮೈನಸ್ ಹಾಕಿ. 2 ರೂಪಾಯಿ ಸಾಲ ಇರುವವನು ಮೇಲೋ, 5 ರೂಪಾಯಿ ಸಾಲ ಇರುವವನು ಮೇಲೋ? 2 ರೂಪಾಯಿಯವನೇ. ಅಂದರೆ −2 > −5. ಆಸ್ತಿ ಇದ್ದಾಗ ಮುಂದಿದ್ದವನು ಸಾಲಕ್ಕೆ ಬಂದಾಗ ಹಿಂದಾದ. ಗೆರೆ ಮೇಲೆ ನೋಡಿದರೂ ಅಷ್ಟೇ. ಮೈನಸ್ ಹಾಕಿದ ಕೂಡಲೇ ಪ್ರತಿ ಸಂಖ್ಯೆಯೂ ಸೊನ್ನೆಯ ಆಚೆ ಬದಿಗೆ ಅಷ್ಟೇ ದೂರಕ್ಕೆ ಹಾರುತ್ತದೆ. ಬಲಗಡೆ ದೂರ ಇದ್ದದ್ದು ಎಡಗಡೆ ದೂರ ಹೋಗುತ್ತದೆ. ಸಾಲಿನ ಕ್ರಮವೇ ತಲೆಕೆಳಗಾಗುತ್ತದೆ. ಚಿಹ್ನೆ ತಿರುಗುವುದು ಅದಕ್ಕೆ.

ಕೂಡುವಾಗ, ಕಳೆಯುವಾಗ ಮಾತ್ರ ತಿರುಗಿಸಬೇಡಿ. 9 ಕಳೆದರೂ 900 ಕಳೆದರೂ ಎಲ್ಲವೂ ಒಟ್ಟಿಗೆ ಒಂದೇ ಕಡೆ ಜರುಗುತ್ತವೆ. ಕ್ರಮ ಕೆಡುವುದಿಲ್ಲ.

ಒಂದು ಲೆಕ್ಕ:

−7 < 5 − 3ಯ ≤ 14

ಮೂರು ಮನೆಯಿಂದಲೂ 5 ಕಳೆಯಿರಿ:

−12 < −3ಯ ≤ 9

ಈಗ −3ರಿಂದ ಭಾಗಿಸಬೇಕು. ಎರಡು ಚಿಹ್ನೆ ಇವೆ, ಎರಡೂ ತಿರುಗಬೇಕು. ಒಂದನ್ನು ತಿರುಗಿಸಿ ಇನ್ನೊಂದನ್ನು ಬಿಟ್ಟರೆ ಲೆಕ್ಕ ಹೋಯಿತು.

4 > ಯ ≥ −3

ಇದು ಸರಿಯೇ. ಆದರೆ ಓದುವುದಕ್ಕೆ ಉಲ್ಟಾ. ಗೆರೆಯಲ್ಲಿ ಚಿಕ್ಕದು ಎಡಗಡೆ ಇರುತ್ತದೆ ಅಲ್ವಾ? ಹಾಗೇ ಬರೆಯಿರಿ:

−3 ≤ ಯ < 4

ತಿರುಗಿಸಿ ಬರೆಯುವಾಗ ಚಿಹ್ನೆಯ ಕೆಳಗಿನ ಆ 'ಸಮ' ಗೀಟು −3ರ ಜೊತೆಯಲ್ಲೇ ಹೋಗಬೇಕು. ಅವಸರದಲ್ಲಿ ಅದು 4ರ ಪಕ್ಕ ಹೋಗಿ ಕೂರುತ್ತದೆ. ತುದಿಗಳನ್ನು ಹಾಕಿ ನೋಡಿ. ಯ = −3 ಆದರೆ 5 + 9 = 14. 14 ≤ 14 ಹೌದು, ತುಂಬಿದ ಚುಕ್ಕಿ. ಯ = 4 ಆದರೆ 5 − 12 = −7. −7 < −7 ಅಲ್ಲ, ಖಾಲಿ ಚುಕ್ಕಿ.

−3 ●━━━━━━━○ 4

ತಿರುಗಿಸುವುದೇ ಬೇಡ ಅನ್ನುವವರಿಗೆ ಇನ್ನೊಂದು ದಾರಿ ಇದೆ. ಎರಡು ತುಂಡು ಮಾಡಿ. −7 < 5 − 3ಯ ಅನ್ನುವುದರಲ್ಲಿ ಎರಡೂ ಕಡೆ 3ಯ + 7 ಕೂಡಿದರೆ 3ಯ < 12, ಅಂದರೆ ಯ < 4. ಇನ್ನೊಂದರಲ್ಲಿ, 5 − 3ಯ ≤ 14, ಎರಡೂ ಕಡೆ 3ಯ ಕೂಡಿ 14 ಕಳೆದರೆ −9 ≤ 3ಯ, ಅಂದರೆ −3 ≤ ಯ. ಯ ಯಾವ ಕಡೆ ಧನ ಆಗಿ ನಿಲ್ಲುತ್ತದೋ ಆ ಕಡೆಗೆ ಒಯ್ಯುವುದು, ಅಷ್ಟೇ ಉಪಾಯ. ಒಂದು ಸಾಲು ಜಾಸ್ತಿ ಆಗುತ್ತದೆ. ಆದರೆ ಭಯ ಇರುವ ಮಕ್ಕಳಿಗೆ ನಾನು ಇದನ್ನೇ ಹೇಳಿಕೊಡುವುದು. ಮಾರ್ಕ್ಸ್ ಎರಡಕ್ಕೂ ಒಂದೇ.

ಕೆಲವು ಸಲ ತುಂಡು ಮಾಡದೆ ಬೇರೆ ದಾರಿಯೇ ಇರುವುದಿಲ್ಲ. ಮೂರು ಮನೆಯಲ್ಲೂ ಯ ಇದ್ದರೆ, ಅವೂ ಬೇರೆ ಬೇರೆ ಲೆಕ್ಕದಲ್ಲಿದ್ದರೆ ಹಾಗಾಗುತ್ತದೆ:

ಯ − 4 < 3ಯ + 2 ≤ 2ಯ + 9

ಮೂರಕ್ಕೂ ಏನೇ ಕೂಡಿ, ಏನೇ ಕಳೆಯಿರಿ, ಯ ನಡುಮನೆಯಲ್ಲಿ ಮಾತ್ರ ಉಳಿಯುವುದಿಲ್ಲ. ಎಡಗಡೆಯ ತುಂಡು: ಯ − 4 < 3ಯ + 2. ಎರಡೂ ಕಡೆ ಯ ಕಳೆದು, 2 ಕಳೆದರೆ −6 < 2ಯ, ಅಂದರೆ ಯ > −3. ಬಲಗಡೆಯ ತುಂಡು: 3ಯ + 2 ≤ 2ಯ + 9. ಇದರಿಂದ ಯ ≤ 7. ಸರಪಳಿ ಹಾಗೆ ಬರೆದಿದ್ದಾರೆ ಅಂದರೆ ನಡುವೆ ಇರುವುದು 'ಮತ್ತು' ಅಂತಲೇ ಅರ್ಥ. ಎರಡು ಗೆರೆ ಎಳೆದು ಎರಡರಲ್ಲೂ ಬಣ್ಣ ಇರುವ ಭಾಗ ಇಳಿಸಿ: −3 < ಯ ≤ 7.

ಈಗ 'ಅಥವಾ'. ಮತ್ತೆ ರೈಲು ಟಿಕೆಟ್ಟಿಗೇ ಬನ್ನಿ. ಅರ್ಧ ಟಿಕೆಟ್ ಯಾರಿಗೆ ಇಲ್ಲ? 5 ತುಂಬದವರಿಗೆ ಬೇಕಿಲ್ಲ, 12 ತುಂಬಿದವರಿಗೆ ಕೊಡುವುದಿಲ್ಲ. ಯ < 5 ಅಥವಾ ಯ ≥ 12. ಗಮನಿಸಿ, ಒಳಗಿನವರನ್ನು ಹೇಳುವಾಗ 'ಮತ್ತು' ಇತ್ತು, ಹೊರಗಿನವರನ್ನು ಹೇಳುವಾಗ 'ಅಥವಾ' ಆಯಿತು. ಚುಕ್ಕಿಗಳೂ ಅದಲುಬದಲು. 5ರಲ್ಲಿ ತುಂಬಿದ್ದದ್ದು ಖಾಲಿ ಆಯಿತು, 12ರಲ್ಲಿ ಖಾಲಿ ಇದ್ದದ್ದು ತುಂಬಿತು.

ಬಿಡಿಸುವ ಲೆಕ್ಕ ಒಂದು:

3ಯ − 2 < −8 ಅಥವಾ 2ಯ + 1 ≥ 9

ಇಲ್ಲಿ ಮೂರು ಮನೆ ಇಲ್ಲ. ಎರಡೂ ಬೇರೆ ಬೇರೆ. ಮೊದಲನೆಯದು 3ಯ < −6, ಅಂದರೆ ಯ < −2. ಎರಡನೆಯದು 2ಯ ≥ 8, ಅಂದರೆ ಯ ≥ 4. ಮೊದಲ ಗೆರೆಯಲ್ಲಿ −2ರಿಂದ ಎಡಕ್ಕೆ ಬಣ್ಣ, ಖಾಲಿ ಚುಕ್ಕಿ. ಎರಡನೆಯದರಲ್ಲಿ 4ರಿಂದ ಬಲಕ್ಕೆ, ತುಂಬಿದ ಚುಕ್ಕಿ. ಮೂರನೆಯದಕ್ಕೆ ಎರಡನ್ನೂ ಇಳಿಸಿ:

◄━━━○ −2        4 ●━━━►

ನಡುವೆ ಖಾಲಿ ಜಾಗ ಬಿದ್ದಿದೆ. ಬೀಳಲಿ. ಆ ಜಾಗ ನೋಡಿ ಗಾಬರಿಯಾಗಿ ಮಕ್ಕಳು ಅದನ್ನು ಮುಚ್ಚಲು ಹೋಗುತ್ತಾರೆ. ಉತ್ತರವನ್ನು 4 ≤ ಯ < −2 ಅಂತ ಒಂದೇ ಸಾಲಲ್ಲಿ ಬರೆದುಬಿಡುತ್ತಾರೆ. ನೋಡುವುದಕ್ಕೆ ಅಚ್ಚುಕಟ್ಟಾಗಿದೆ. 'ಬುಡಿ ಮೇಡಂ, ಎಲ್ಡೂ ಒಂದೇ' ಅನ್ನುತ್ತಾರೆ. ಒಂದೇ ಅಲ್ಲ. ಹಾಗೆ ಬರೆದರೆ ನಡುವಿನ ಯ ಬಿಟ್ಟು ಎರಡು ತುದಿ ಓದಿ ನೋಡಿ. 4 ಅನ್ನುವುದು −2ಕ್ಕಿಂತ ಕಡಿಮೆ ಅಂತ ಹೇಳಿದ ಹಾಗಾಯಿತು. ಇಂಥ ಯ ಯಾವುದೂ ಇಲ್ಲ. 'ಅಥವಾ' ಉತ್ತರ ಎರಡು ತುಂಡಾಗಿ ಬಂದರೆ ಎರಡು ತುಂಡಾಗಿಯೇ ಬರೆಯಬೇಕು, ನಡುವೆ 'ಅಥವಾ' ಅಂತ ಅಕ್ಷರದಲ್ಲಿ ಬರೆಯಬೇಕು. ಸರಪಳಿ 'ಮತ್ತು'ಗೆ ಮಾತ್ರ. ಸರಪಳಿಯಲ್ಲಿ ಎರಡೂ ಚಿಹ್ನೆ ಒಂದೇ ಕಡೆಗೆ ತಿರುಗಿರಬೇಕು ಅನ್ನುವುದೂ ನೆನಪಿರಲಿ. −3 < ಯ > 5 ಅಂತ ಬರೆದರೆ ತಿದ್ದುವವರು ಕೆಂಪು ಪೆನ್ನು ಎತ್ತುತ್ತಾರೆ.

ಸರಿ ಬಂತೋ ಇಲ್ಲವೋ ತಿಳಿಯಲು ಪ್ರತಿ ಭಾಗದಿಂದ ಒಂದೊಂದು ಸಂಖ್ಯೆ ತೆಗೆದು ಮೊದಲಿನ ಲೆಕ್ಕಕ್ಕೇ ಹಾಕಿ. ನೀವು ಬಿಡಿಸಿ ಬರೆದುಕೊಂಡ ಸಾಲಿಗಲ್ಲ, ಪ್ರಶ್ನೆಗೆ. −3 ಹಾಕಿದರೆ 3ಯ − 2 ಅನ್ನುವುದು −11, ಅದು −8ಕ್ಕಿಂತ ಕಡಿಮೆ, ಸರಿ. 0 ಹಾಕಿದರೆ −2 < −8 ಸುಳ್ಳು, 1 ≥ 9 ಕೂಡ ಸುಳ್ಳು, ಹಾಗಾದರೆ ನಡುವೆ ಖಾಲಿ ಬಿಟ್ಟದ್ದು ಸರಿ. 5 ಹಾಕಿದರೆ 11 ≥ 9, ಸರಿ. ಸೊನ್ನೆ ಹಾಕಿ ನೋಡುವುದು ಬಲು ಸುಲಭ. ಅದು ತುದಿಯಲ್ಲಿ ಇಲ್ಲದಿದ್ದರೆ ಮೊದಲು ಅದನ್ನೇ ಹಾಕಿ.

ಕೆಲವು ವಿಚಿತ್ರ ಉತ್ತರಗಳೂ ಬರುತ್ತವೆ. ಗೆರೆ ಎಳೆದವರಿಗೆ ಇವು ವಿಚಿತ್ರ ಅನ್ನಿಸುವುದಿಲ್ಲ.

ಯ > 7 ಮತ್ತು ಯ < 3. ಎರಡು ಗೆರೆ ಎಳೆದರೆ ಒಂದರ ಬಣ್ಣ ಬಲಕ್ಕೆ ಓಡುತ್ತದೆ, ಇನ್ನೊಂದರದ್ದು ಎಡಕ್ಕೆ. ಎಲ್ಲೂ ಸೇರುವುದಿಲ್ಲ. ಮೂರನೇ ಗೆರೆ ಖಾಲಿ. ಉತ್ತರ 'ಪರಿಹಾರ ಇಲ್ಲ'. ಸುಮ್ನೆ ಖಾಲಿ ಗೆರೆ ಬಿಟ್ಟು ಬರಬೇಡಿ, ಪಕ್ಕದಲ್ಲಿ ಹಾಗೆ ಬರೆಯಿರಿ. ಇಲ್ಲದಿದ್ದರೆ ಲೆಕ್ಕ ಬಿಟ್ಟಿದ್ದೀರಿ ಅಂದುಕೊಳ್ಳುತ್ತಾರೆ.

ಯ > 3 ಅಥವಾ ಯ < 7. ಇದರಲ್ಲಿ ಎಲ್ಲ ಸಂಖ್ಯೆಗೂ ಒಂದಲ್ಲ ಒಂದು ಗೆರೆಯಲ್ಲಿ ಬಣ್ಣ ಇದೆ. 3ರಿಂದ 7ರ ನಡುವಿನವಕ್ಕೆ ಎರಡರಲ್ಲೂ ಇದೆ. ಉತ್ತರ ಇಡೀ ಗೆರೆ, ಎಲ್ಲ ವಾಸ್ತವ ಸಂಖ್ಯೆಗಳು. 3ರಲ್ಲಾಗಲಿ 7ರಲ್ಲಾಗಲಿ ಖಾಲಿ ಚುಕ್ಕಿ ಉಳಿಯುವುದಿಲ್ಲ, ಯಾಕಂದರೆ 3 ಎರಡನೇ ಷರತ್ತಿಗೆ ಸೇರುತ್ತದೆ, 7 ಮೊದಲನೆಯದಕ್ಕೆ.

ಯ > 2 ಮತ್ತು ಯ > 6. ಎರಡೂ ಬಲಕ್ಕೇ. ಇಬ್ಬರಿಗೂ ಒಪ್ಪಿಗೆ ಆಗುವುದು 6 ದಾಟಿದ ಮೇಲೆ, ಹಾಗಾಗಿ ಯ > 6. ಅದೇ 'ಅಥವಾ' ಆದರೆ ಯ > 2. ಇದನ್ನು ಬಾಯಲ್ಲಿ ಹೇಳಿಸಿದರೆ ಅರ್ಧ ಮಕ್ಕಳು ಉಲ್ಟಾ ಹೇಳುತ್ತಾರೆ. ಗೆರೆ ಎಳೆಸಿದರೆ ಒಬ್ಬರೂ ಹೇಳುವುದಿಲ್ಲ.

ಉತ್ತರವನ್ನು ಆವರಣದಲ್ಲಿ ಬರೆಯುವ ಪದ್ಧತಿಯೂ ಇದೆ, ಪಿಯುನಲ್ಲಿ ಕೇಳುತ್ತಾರೆ. ತುಂಬಿದ ಚುಕ್ಕಿಗೆ ಚೌಕ ಆವರಣ, ಖಾಲಿ ಚುಕ್ಕಿಗೆ ದುಂಡು ಆವರಣ. −3 ≤ ಯ < 4 ಅನ್ನುವುದು [−3, 4) ಆಗುತ್ತದೆ. ಯ < −2 ಅಥವಾ ಯ ≥ 4 ಅನ್ನುವುದು (−∞, −2) ∪ [4, ∞). ನಡುವಿನ ∪ ಎರಡು ತುಂಡನ್ನೂ ಸೇರಿಸುವ ಚಿಹ್ನೆ, ∞ ಅಂದರೆ ಅನಂತ. ಅನಂತದ ಪಕ್ಕ ಯಾವಾಗಲೂ ದುಂಡು ಆವರಣವೇ, ಅದನ್ನು ಯಾರೂ ಮುಟ್ಟಿ ಬಂದಿಲ್ಲ. ಈ ಪದ್ಧತಿಯಲ್ಲಿ ಹೊಸ ಗಣಿತ ಏನೂ ಇಲ್ಲ, ಬರವಣಿಗೆ ಅಷ್ಟೇ.

ಅಂದ ಹಾಗೆ < ಮತ್ತು > ಚಿಹ್ನೆ ಮೊದಲು ಅಚ್ಚಾದದ್ದು 1631ರಲ್ಲಿ, ಇಂಗ್ಲೆಂಡಿನ ಥಾಮಸ್ ಹ್ಯಾರಿಯಟ್ ಬರೆದ ಬೀಜಗಣಿತದ ಪುಸ್ತಕದಲ್ಲಿ. ಅಷ್ಟು ಹೊತ್ತಿಗೆ ಆತ ತೀರಿಕೊಂಡು 10 ವರ್ಷ ಆಗಿತ್ತು. ಕೆಳಗೆ ಗೀಟು ಸೇರಿಸಿ 'ಸಮವೂ ಆಗಬಹುದು' ಅನ್ನುವ ಬಳಕೆ ಬಂದದ್ದು ಅದಕ್ಕೂ ನೂರು ವರ್ಷ ಆದ ಮೇಲೆ. ನಮ್ಮ ಮಕ್ಕಳು ಮರೆಯುವುದೂ ಆ ಗೀಟನ್ನೇ.

ಮನೆಯಲ್ಲಿ ಮಾಡಿ ನೋಡಲು ನಾಲ್ಕು ಲೆಕ್ಕ ಕೊಡುತ್ತೇನೆ. ಪ್ರತಿಯೊಂದಕ್ಕೂ ಮೂರು ಗೆರೆ ಎಳೆಯಲೇಬೇಕು, ಉತ್ತರ ಮೊದಲೇ ಗೊತ್ತಾದರೂ.

1 ≤ 2ಯ − 5 < 9

4ಯ + 1 ≤ −7 ಅಥವಾ ಯ − 3 > 2

−1 ≤ 3 − 2ಯ ≤ 9

2ಯ + 3 > 13 ಮತ್ತು 4 − ಯ > 1

ಮೊದಲನೆಯದು 3 ≤ ಯ < 7. ಎರಡನೆಯದು ಯ ≤ −2 ಅಥವಾ ಯ > 5, ಎರಡು ತುಂಡು, −2ರಲ್ಲಿ ತುಂಬಿದ ಚುಕ್ಕಿ. ಮೂರನೆಯದು −3 ≤ ಯ ≤ 2. ನಿಮಗೆ 3 ಮತ್ತು −2 ಬಂದಿದ್ದರೆ −2ರಿಂದ ಭಾಗಿಸುವಾಗ ಸಂಖ್ಯೆಗಳ ಮೈನಸ್ ಕೈಬಿಟ್ಟಿದ್ದೀರಿ, ಆ ಸಾಲನ್ನೇ ನೋಡಿ. ನಾಲ್ಕನೆಯದರಲ್ಲಿ ಮೊದಲ ತುಂಡು ಯ > 5, ಎರಡನೆಯದು ಯ < 3. 'ಮತ್ತು' ಇರುವುದರಿಂದ ಪರಿಹಾರ ಇಲ್ಲ. ಅದೇ ಲೆಕ್ಕದಲ್ಲಿ 'ಮತ್ತು' ಅಳಿಸಿ 'ಅಥವಾ' ಬರೆಯಿರಿ. ಮೇಲಿನ ಎರಡು ಗೆರೆ ಹಾಗೇ ಇರಲಿ, ಮೂರನೆಯದನ್ನು ಮಾತ್ರ ಹೊಸದಾಗಿ ತುಂಬಿ: ಯ < 3 ಅಥವಾ ಯ > 5.